ಗಾಂಜಾ: ದಯೆ ಬೇರೆ, ಪರವಾನಿಗೆ ಬೇರೆ

ಗಾಂಜಾವನ್ನು ನಿಷೇಧಿಸಿರುವ ಕಾನೂನು ನಮ್ಮ ದೇಶದಲ್ಲಿ ಹೀಗೆಯೇ ಮುಂದುವರಿಯಬೇಕೆ, ಅಥವಾ ಮದ್ಯ ಮತ್ತು ತಂಬಾಕಿನಂತೆ ಅದನ್ನೂ ಸರಕಾರದ ನಿಯಂತ್ರಣದಲ್ಲಿ ಮಾರಾಟಕ್ಕೆ ಬಿಡಬೇಕೆ? ಈ ಪ್ರಶ್ನೆ ಇಂದು ಕಾಲೇಜುಗಳ ಚರ್ಚಾಕೂಟಕ್ಕೆ ಮಾತ್ರ ಸೀಮಿತವಾಗಿ ಉಳಿದಿಲ್ಲ. 2016ರಲ್ಲಿ ಪಟಿಯಾಲದ ಸಂಸದರೂ ಹೃದ್ರೋಗ ತಜ್ಞರೂ ಆದ ಡಾ. ಧರ್ಮವೀರ ಗಾಂಧಿಯವರು ಸಾಂಪ್ರದಾಯಿಕ ಅಮಲು ಪದಾರ್ಥಗಳ ಮೇಲಿನ ನಿರ್ಬಂಧವನ್ನು ಸಡಿಲಿಸುವ ಖಾಸಗಿ ಮಸೂದೆಯೊಂದನ್ನು ರೂಪಿಸಿದರು. 2019ರಲ್ಲಿ ಗಾಂಜಾ ನಿಷೇಧವನ್ನು ಪ್ರಶ್ನಿಸುವ ಅರ್ಜಿಯೊಂದು ದಿಲ್ಲಿ ಉಚ್ಚ ನ್ಯಾಯಾಲಯದ ಮುಂದೆ ಬಂದಿತು. 2020ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಾದಕ ದ್ರವ್ಯ ಆಯೋಗವು 25ಕ್ಕೆ ಎದುರಾಗಿ 27 ಮತಗಳಿಂದ ಗಾಂಜಾವನ್ನು ಅತ್ಯಂತ ಕಠಿಣ ನಿರ್ಬಂಧದ ಪಟ್ಟಿಯಿಂದ ತೆಗೆದಾಗ, ಪರವಾಗಿ ಮತ ನೀಡಿದ ರಾಷ್ಟ್ರಗಳಲ್ಲಿ ಭಾರತವೂ ಒಂದಾಗಿತ್ತು. 2025ರ ಜನವರಿಯಲ್ಲಿ ಹಿಮಾಚಲ ಪ್ರದೇಶದ ಸಚಿವ ಸಂಪುಟವು ಈ ಗಿಡದ ನಿಯಂತ್ರಿತ ಕೃಷಿಯ ಬಗ್ಗೆ ಪ್ರಾಯೋಗಿಕ ಅಧ್ಯಯನಕ್ಕೆ ಒಪ್ಪಿಗೆ ನೀಡಿತು.

ಇವುಗಳಲ್ಲಿ ಯಾವುದೂ ಗಾಂಜಾವನ್ನು ಕಾನೂನುಬದ್ಧಗೊಳಿಸಲಿಲ್ಲವೆಂಬುದು ನಿಜ. ಆದರೆ ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿದೆಯೆಂಬುದು ಸ್ಪಷ್ಟವಾಗಿದೆ. ನಾಳೆ ಈ ಪ್ರಶ್ನೆ ಸಂಸತ್ತಿನಲ್ಲಿ ಗಂಭೀರವಾಗಿ ಮಂಡನೆಯಾದಾಗ ಕಥೋಲಿಕ ಕುಟುಂಬಗಳಾದ ನಾವು ಏನು ಹೇಳಬೇಕು? "ಇದು ಪಾಪ, ಆದುದರಿಂದ ಜೈಲಿಗೆ ಹಾಕಿ" ಎನ್ನುವುದು ಒಂದು ಸುಲಭದ ಉತ್ತರ. "ಕಾಲ ಬದಲಾಗಿದೆ, ಅವರವರ ಇಷ್ಟ" ಎನ್ನುವುದು ಇನ್ನೊಂದು. ಈ ಎರಡೂ ಉತ್ತರಗಳು ಸಾಲವು ಎಂಬುದು ನಮ್ಮ ಅಭಿಪ್ರಾಯ.

ಈಗಿರುವ ಕಾನೂನು

ಎನ್‌ಡಿಪಿಎಸ್ ಕಾಯಿದೆಯೆಂದು ಎಲ್ಲರೂ ಕರೆಯುವ ಮಾದಕ ದ್ರವ್ಯಗಳ ಕಾಯಿದೆ ಜಾರಿಗೆ ಬಂದದ್ದು 1985ರ ನವೆಂಬರ್ 14ರಂದು. ಅದಕ್ಕೆ ಮೊದಲು ನಮ್ಮ ದೇಶದ ಹಲವೆಡೆ ಪರವಾನಿಗೆ ಪಡೆದ ಅಂಗಡಿಗಳಲ್ಲಿ ಗಾಂಜಾ ಮಾರಾಟವಾಗುತ್ತಿತ್ತು. 1961ರ ಅಂತಾರಾಷ್ಟ್ರೀಯ ಒಪ್ಪಂದವು ಔಷಧೇತರ ಬಳಕೆಯನ್ನು ನಿಲ್ಲಿಸಲು 25 ವರ್ಷಗಳ ಕಾಲಾವಕಾಶ ನೀಡಿತ್ತು. ಆ ಅವಧಿ ಮುಗಿಯುವ ಮೊದಲೇ ನಮ್ಮ ಸಂಸತ್ತು ಈ ಕಾಯಿದೆಯನ್ನು ಅಂಗೀಕರಿಸಿತು. ಹೂವಿನ ತುದಿಯಾದ ಗಾಂಜಾ ಮತ್ತು ಅಂಟಿನಿಂದ ತಯಾರಾಗುವ ಚರಸ್ ನಿಷಿದ್ಧವಾದವು. ಬರೀ ಎಲೆ ಮತ್ತು ಬೀಜ ಈ ವ್ಯಾಖ್ಯೆಯಿಂದ ಹೊರಗುಳಿದ ಕಾರಣ ಉತ್ತರ ಭಾರತದಲ್ಲಿ ಭಂಗಿಯ ಮಾರಾಟ ಇಂದಿಗೂ ನಡೆಯುತ್ತಿದೆ. ಒಂದೇ ಗಿಡದ ಎಲೆಗೆ ಅಂಗಡಿ, ಹೂವಿಗೆ ಸೆರೆಮನೆ ಎಂಬ ಆಕ್ಷೇಪಣೆಯಲ್ಲಿ ಹುರುಳಿಲ್ಲದಿಲ್ಲ.

ಒಂದು ಕಿಲೋ ವರೆಗಿನ ಗಾಂಜಾವನ್ನು ಕಾಯಿದೆಯು ಅಲ್ಪ ಪ್ರಮಾಣವೆಂದೂ 20 ಕಿಲೋಗಿಂತ ಹೆಚ್ಚಿನದನ್ನು ವಾಣಿಜ್ಯ ಪ್ರಮಾಣವೆಂದೂ ಪರಿಗಣಿಸುತ್ತದೆ. ಮೊದಲನೆಯದಕ್ಕೆ ಒಂದು ವರ್ಷದ ವರೆಗೆ ಸಜೆ ಅಥವಾ ದಂಡ. ಎರಡನೆಯದಕ್ಕೆ ಕನಿಷ್ಠ ಹತ್ತು ವರ್ಷಗಳ ಕಠಿಣ ಸಜೆ. ಆದರೆ ಇದೇ ಕಾಯಿದೆಯ 64ಎ ವಿಧಿಯ ಪ್ರಕಾರ, ಸೇವನೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಲುಕಿದ ವ್ಯಸನಿ ಸ್ವಇಚ್ಛೆಯಿಂದ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಒಳಗಾಗಿ ಅದನ್ನು ಪೂರ್ತಿಗೊಳಿಸಿದರೆ ವಿಚಾರಣೆಯಿಂದ ವಿನಾಯಿತಿ ಪಡೆಯಬಹುದು. ಈ ಬಾಗಿಲಿನ ಬಗ್ಗೆ ಎಷ್ಟು ಹೆತ್ತವರಿಗೆ ಗೊತ್ತಿದೆ?

ಸಮರ್ಥಕರ ವಾದ

ವಿರುದ್ಧ ಪಕ್ಷದ ವಾದವನ್ನು ಅದರ ಅತ್ಯಂತ ಬಲವಾದ ರೂಪದಲ್ಲಿ ಮೊದಲು ಮಂಡಿಸಿ, ಆಮೇಲೆ ಉತ್ತರಿಸಬೇಕೆಂಬುದು ಸಂತ ತೋಮಸ್ ಅಕ್ವಿನಾಸರ ಕ್ರಮ. ಅದನ್ನೇ ನಾವೂ ಅನುಸರಿಸೋಣ.

ಮೊದಲನೆಯದಾಗಿ, ಬ್ರಿಟಿಷ್ ಸರಕಾರ 1893ರಲ್ಲಿ ನೇಮಿಸಿದ ಆಯೋಗವು ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ವಿಚಾರಿಸಿ, ಮಿತ ಸೇವನೆಯಿಂದ ಗಮನಾರ್ಹ ಕೇಡಿಲ್ಲ, ಅತಿ ಸೇವನೆಯಿಂದ ಕೇಡಿದೆ, ಸಂಪೂರ್ಣ ನಿಷೇಧಕ್ಕಿಂತ ತೆರಿಗೆ ಮತ್ತು ನಿಯಂತ್ರಣವೇ ಲೇಸು ಎಂದು ತೀರ್ಮಾನಿಸಿತ್ತು. ಎರಡನೆಯದಾಗಿ, ಮದ್ಯದಿಂದಾಗುವ ನಾಶ ಇದಕ್ಕಿಂತ ಎಷ್ಟೋ ಹೆಚ್ಚು. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದಿಲ್ಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ಮದ್ಯ ಸೇವಿಸುವವರು ಸುಮಾರು 16 ಕೋಟಿ. ಭಂಗಿಯೂ ಸೇರಿದಂತೆ ಗಾಂಜಾ ಗಿಡದ ಪದಾರ್ಥಗಳನ್ನು ಸೇವಿಸುವವರು ಸುಮಾರು 3.1 ಕೋಟಿ. ಹಾಗಿರುವಾಗ ದೊಡ್ಡ ಕೇಡಿಗೆ ಪರವಾನಿಗೆ, ಸಣ್ಣ ಕೇಡಿಗೆ ಕೈಕೋಳ ಏಕೆ? ಮೂರನೆಯದಾಗಿ, ಕಾನೂನಿನ ಬಲೆಗೆ ಬೀಳುವವರು ಸಾಮಾನ್ಯವಾಗಿ ಬಡವರು ಮತ್ತು ಹುಡುಗರು. ದೊಡ್ಡ ಕುಳಗಳು ಪಾರಾಗುತ್ತವೆ. ನಾಲ್ಕನೆಯದಾಗಿ, ಉರುಗ್ವೆ 2013ರಲ್ಲಿ, ಕೆನಡಾ 2018ರಲ್ಲಿ ಗಾಂಜಾವನ್ನು ಕಾನೂನುಬದ್ಧಗೊಳಿಸಿದವು. 2024ರ ಏಪ್ರಿಲಿನಿಂದ ಜರ್ಮನಿಯೂ ವಯಸ್ಕರು ಅಲ್ಪ ಪ್ರಮಾಣದಲ್ಲಿ ಇಟ್ಟುಕೊಳ್ಳಲು ಅನುಮತಿ ನೀಡಿತು. ಅಲ್ಲಿ ಲೋಕವೇನೂ ಮುಳುಗಿಹೋಗಲಿಲ್ಲ.

ಈ ವಾದಗಳಲ್ಲಿ ಸತ್ಯಾಂಶವಿದೆ. ಅದನ್ನು ಅಲ್ಲಗಳೆಯುವುದು ಪ್ರಾಮಾಣಿಕತೆಯಾಗದು. ಆದರೆ ಇವುಗಳಿಂದ ಸಿದ್ಧವಾಗುವುದೇನು ಎಂಬುದನ್ನು ವಿವೇಚಿಸಬೇಕು.

ಬೇರ್ಪಡಿಸಬೇಕಾದ ಮೂರು ಮಾತುಗಳು

ಸೇವಿಸಿದವನನ್ನು ದಂಡಿಸುವುದು ಒಂದು. ದಂಡಿಸದೆ ಚಿಕಿತ್ಸೆಗೆ ಕಳುಹಿಸುವುದು ಎರಡನೆಯದು. ಅಂಗಡಿ ತೆರೆದು ಮಾರಲು ಪರವಾನಿಗೆ ಕೊಡುವುದು ಮೂರನೆಯದು. ನಮ್ಮ ಪತ್ರಿಕೆಗಳಲ್ಲಿಯೂ ವೇದಿಕೆಗಳಲ್ಲಿಯೂ ನಡೆಯುವ ಚರ್ಚೆ ಈ ಮೂರನ್ನೂ ಬೆರೆಸಿಬಿಡುತ್ತದೆ. ಮೊದಲನೆಯದು ಸೋತಿದೆಯೆಂದು ತೋರಿಸಿ, ನೇರವಾಗಿ ಮೂರನೆಯದಕ್ಕೆ ಹಾರುತ್ತಾರೆ. ತರ್ಕದಲ್ಲಿ ನಡುವಿನ ಮೆಟ್ಟಿಲನ್ನು ಬಿಟ್ಟು ಹಾರುವಂತಿಲ್ಲ. ಹುಡುಗನನ್ನು ಜೈಲಿಗೆ ಹಾಕುವುದು ತಪ್ಪೆಂಬುದರಿಂದ ಅವನಿಗೆ ದಯೆ ತೋರಿಸಬೇಕೆಂಬುದು ಸಿದ್ಧವಾಗುತ್ತದೆಯೇ ಹೊರತು, ಅವನ ಬೀದಿಯಲ್ಲಿ ಅಂಗಡಿ ತೆರೆಯಬೇಕೆಂಬುದು ಸಿದ್ಧವಾಗುವುದಿಲ್ಲ.

ಸಂತ ತೋಮಸರು ಈ ವಿಷಯದಲ್ಲಿ ಬಹಳ ವಾಸ್ತವವಾದಿಗಳು. ಮನುಷ್ಯರು ಮಾಡಿದ ಕಾನೂನು ಎಲ್ಲ ದುರ್ಗುಣಗಳನ್ನೂ ನಿಷೇಧಿಸಲಾರದು. ಬಹುಸಂಖ್ಯಾತರು ದೂರವಿರಬಲ್ಲಂಥ ಘೋರ ಕೃತ್ಯಗಳನ್ನು, ವಿಶೇಷವಾಗಿ ಪರರಿಗೆ ಹಾನಿ ತರುವಂಥವುಗಳನ್ನು ಅದು ತಡೆಯುತ್ತದೆ ಎಂಬುದು ಅವರ ನಿಲುವು. ಈ ಮಾತನ್ನು ಗಾಂಜಾ ಸಮರ್ಥಕರೂ ಬಳಸಿಕೊಳ್ಳಬಹುದು. ಆದರೆ ಕಾನೂನಿನ ಉದ್ದೇಶ ಜನರನ್ನು ಒಮ್ಮೆಲೇ ಅಲ್ಲದಿದ್ದರೂ ಕ್ರಮೇಣ ಸದ್ಗುಣದ ಕಡೆಗೆ ಕರೆದೊಯ್ಯುವುದು ಎಂದೂ ಅವರು ಅಲ್ಲಿಯೇ ಹೇಳುತ್ತಾರೆ. ಒಂದು ಕೇಡನ್ನು ಸಹಿಸಿಕೊಳ್ಳುವ ರಾಜ್ಯ ಬೇರೆ. ಅದರಿಂದ ವರಮಾನ ಎಣಿಸುವ ರಾಜ್ಯ ಬೇರೆ.

"ನನ್ನ ದೇಹ, ನನ್ನ ಸ್ವಾತಂತ್ರ್ಯ" ಎಂಬ ಮಾತನ್ನೂ ಇಲ್ಲಿಯೇ ಪರಿಶೀಲಿಸಬೇಕು. ಸ್ವಾತಂತ್ರ್ಯವೆಂದರೆ ತಿಳಿದು ಆರಿಸುವ ಶಕ್ತಿ. ವ್ಯಸನ ಮೊಟ್ಟಮೊದಲು ಕಸಿದುಕೊಳ್ಳುವುದು ಆ ಶಕ್ತಿಯನ್ನೇ. ಮೇಲಾಗಿ ನಮ್ಮ ಕುಟುಂಬಗಳಲ್ಲಿ ಯಾರೊಬ್ಬರೂ ಒಂಟಿಯಾಗಿ ಹಾಳಾಗುವುದಿಲ್ಲ. ತಾಯಿಯ ನಿದ್ರೆ, ತಂದೆಯ ಉಳಿತಾಯ, ತಂಗಿಯ ಮದುವೆ ಎಲ್ಲವೂ ಅದರೊಂದಿಗೆ ಸೇರಿಕೊಳ್ಳುತ್ತವೆ.

ಅಂದಿನ ಗಾಂಜಾ, ಇಂದಿನ ಗಾಂಜಾ

1893ರ ಆಯೋಗವು ಪರೀಕ್ಷಿಸಿದ ಪದಾರ್ಥವೂ ಇಂದು ಜಗತ್ತಿನ ಮಾರುಕಟ್ಟೆಗೆ ಬರುತ್ತಿರುವ ಪದಾರ್ಥವೂ ಒಂದೇ ಅಲ್ಲ. ಅಮೆರಿಕದಲ್ಲಿ ವಶಪಡಿಸಿಕೊಂಡ ಗಾಂಜಾದಲ್ಲಿ ಅಮಲೇರಿಸುವ ಟಿಎಚ್‌ಸಿ ಅಂಶ 1995ರಲ್ಲಿ ಸುಮಾರು ಶೇ. 4 ಇದ್ದುದು, 2021ರ ವೇಳೆಗೆ ಶೇ. 15ನ್ನು ದಾಟಿತ್ತು. ಸ್ವೀಡನ್ನಿನಲ್ಲಿ ಸೈನ್ಯಕ್ಕೆ ಸೇರಿದ 45 ಸಾವಿರಕ್ಕೂ ಹೆಚ್ಚು ಯುವಕರನ್ನು ಕುರಿತು 1987ರಲ್ಲಿ ಪ್ರಕಟವಾದ ಅಧ್ಯಯನವು, ಹದಿನೆಂಟರ ಹೊತ್ತಿಗೇ ಅತಿಯಾಗಿ ಸೇವಿಸಿದವರಲ್ಲಿ ಸ್ಕಿಝೋಫ್ರೇನಿಯಾ ಎಂಬ ಮನೋರೋಗ ಸುಮಾರು ಆರು ಪಟ್ಟು ಹೆಚ್ಚಾಗಿ ಕಂಡುಬಂದುದನ್ನು ದಾಖಲಿಸಿತು. ಸೇವನೆಯೊಂದೇ ಅದಕ್ಕೆ ಕಾರಣವೆಂದು ಇದರಿಂದ ಸಾಧಿಸಲಾಗದು. ಆದರೆ ಹದಿಹರೆಯದ ಮೆದುಳಿಗೆ ಅಪಾಯ ಹೆಚ್ಚೆಂಬುದನ್ನು ಆ ಬಳಿಕದ ಅಧ್ಯಯನಗಳೂ ಸಮರ್ಥಿಸಿವೆ. ಕೆನಡಾದಲ್ಲಿ ಬಂಧನಗಳು ಇಳಿದವು, ಕಾಳಸಂತೆಯೂ ಕುಗ್ಗಿತು. ಆದರೆ ಗಾಂಜಾ ಬೆರೆಸಿದ ಮಿಠಾಯಿಗಳನ್ನು ತಿಳಿಯದೆ ತಿಂದು ಆಸ್ಪತ್ರೆ ಸೇರುವ ಎಳೆಯ ಮಕ್ಕಳ ಸಂಖ್ಯೆ ಏರಿದುದನ್ನು ಅಲ್ಲಿನ ವೈದ್ಯರೇ ವರದಿ ಮಾಡಿದ್ದಾರೆ.

ಔಷಧದ ವಿಷಯ ಪ್ರತ್ಯೇಕ. ಅಪಸ್ಮಾರದ ಕೆಲವು ತೀವ್ರ ಬಗೆಗಳಿಗೆ ಈ ಗಿಡದಿಂದ ತೆಗೆದ ಔಷಧವನ್ನು ಅಮೆರಿಕದ ಔಷಧ ಪ್ರಾಧಿಕಾರವು 2018ರಲ್ಲಿ ಅಂಗೀಕರಿಸಿದೆ. ನಮ್ಮ ಕಾಯಿದೆಯೂ ವೈದ್ಯಕೀಯ ಮತ್ತು ವೈಜ್ಞಾನಿಕ ಬಳಕೆಗೆ ಅವಕಾಶವಿಟ್ಟಿದೆ. ಚಿಕಿತ್ಸೆಗಾಗಿ ಬಳಸುವುದಕ್ಕೆ ಧರ್ಮಸಭೆಯ ಆಕ್ಷೇಪಣೆಯೂ ಇಲ್ಲ.

ಮದ್ಯ ಕಲಿಸಿದ ಪಾಠ

ಮದ್ಯವನ್ನು ಮುಂದಿಟ್ಟು ಗಾಂಜಾಕ್ಕೆ ಪರವಾನಿಗೆ ಕೇಳುವವರಿಗೆ ನಾವು ಮದ್ಯವನ್ನೇ ಮುಂದಿಟ್ಟು ಉತ್ತರಿಸಬೇಕಾಗಿದೆ. ಮಾದಕ ಪಾನೀಯ ಮತ್ತು ಪದಾರ್ಥಗಳ ನಿಷೇಧಕ್ಕೆ ರಾಜ್ಯವು ಯತ್ನಿಸಬೇಕೆಂದು ಸಂವಿಧಾನದ 47ನೆಯ ಅನುಚ್ಛೇದ ನಿರ್ದೇಶಿಸುತ್ತದೆ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಆದರೆ ಮದ್ಯದ ಸಗಟು ವ್ಯಾಪಾರ ಸರಕಾರದ ನಿಗಮದ ಕೈಯಲ್ಲೇ ಇದೆ. 2025-26ರ ಮುಂಗಡಪತ್ರದಲ್ಲಿ ಅಬಕಾರಿ ವರಮಾನದ ಗುರಿ 40,000 ಕೋಟಿ ರೂಪಾಯಿ. ಇಷ್ಟು ದೊಡ್ಡ ಮೊತ್ತವನ್ನು ನೆಚ್ಚಿಕೊಂಡ ಸರಕಾರ, ಅದು ಯಾವ ಪಕ್ಷದ್ದೇ ಆಗಿರಲಿ, ಜನರು ಕುಡಿಯುವುದನ್ನು ಬಿಡಲಿ ಎಂದು ಮನಸಾರೆ ಹಾರೈಸಬಲ್ಲುದೇ? ಚಿಕಿತ್ಸೆ ನೀಡಬೇಕಾದವನೇ ವ್ಯಾಪಾರಿಯಾದ ಮೇಲೆ ರೋಗಿಗೆ ದಿಕ್ಕು ಯಾರು? ಮೇಲೆ ಹೇಳಿದ ಸಮೀಕ್ಷೆಯಂತೆ ಮದ್ಯದ ತೊಂದರೆಗಾಗಿ ನೆರವು ಬೇಕಾದವರು 5.7 ಕೋಟಿ. ಗಾಂಜಾ ಪದಾರ್ಥಗಳ ವಿಷಯದಲ್ಲಿ ಆ ಸಂಖ್ಯೆ ಸುಮಾರು 72 ಲಕ್ಷ. ಮೊದಲ ಸಂಖ್ಯೆಯನ್ನು ತೋರಿಸಿ ಎರಡನೆಯದನ್ನು ಬೆಳೆಸಲು ಹೊರಡುವುದು ಯಾವ ನ್ಯಾಯ?

ಮತ್ತೆ, ತೆರೆದ ಅಂಗಡಿಯನ್ನು ಮುಚ್ಚುವುದು ಸುಲಭವಲ್ಲ. ಥಾಯ್ಲೆಂಡ್ 2022ರ ಜೂನ್ ತಿಂಗಳಲ್ಲಿ ಗಾಂಜಾವನ್ನು ಮಾದಕ ವಸ್ತುಗಳ ಪಟ್ಟಿಯಿಂದ ತೆಗೆಯಿತು. ಸಾವಿರಾರು ಅಂಗಡಿಗಳು ತಲೆಯೆತ್ತಿದವು. ಮೂರೇ ವರ್ಷಗಳಲ್ಲಿ, 2025ರ ಜೂನ್ ತಿಂಗಳಲ್ಲಿ, ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲವೆಂದು ಅದೇ ದೇಶ ಆದೇಶಿಸಬೇಕಾಯಿತು. ಅಷ್ಟರಲ್ಲಿ ಬಂಡವಾಳ ಹೂಡಿದವರು, ಬೆಳೆ ಬೆಳೆದವರು, ಚಟಕ್ಕೆ ಬಿದ್ದವರು ಎಲ್ಲರೂ ಇಕ್ಕಟ್ಟಿಗೆ ಸಿಲುಕಿದ್ದರು.

ಧರ್ಮಸಭೆಯ ನಿಲುವು

ಚಿಕಿತ್ಸೆಯ ಕಾರಣವೊಂದನ್ನು ಬಿಟ್ಟು ಮಾದಕ ದ್ರವ್ಯಗಳ ಸೇವನೆ ಗಂಭೀರ ಅಪರಾಧವೆಂದು ಕಥೋಲಿಕ ಧರ್ಮೋಪದೇಶ ಗ್ರಂಥವು 2291ನೆಯ ಕ್ರಮಾಂಕದಲ್ಲಿ ಬೋಧಿಸುತ್ತದೆ. ಗುಟ್ಟಾಗಿ ತಯಾರಿಸಿ ಮಾರುವವರನ್ನು ಅದು ಇನ್ನೂ ಕಟುವಾಗಿ ಖಂಡಿಸುತ್ತದೆ. ದಿವಂಗತ ವಿಶ್ವಗುರು ಫ್ರಾನ್ಸಿಸರು 2014ರ ಜೂನಿನಲ್ಲಿಯೂ 2024ರ ಜೂನಿನಲ್ಲಿಯೂ ಸಡಿಲಿಕೆಯಿಂದ ವ್ಯಸನ ಕಡಿಮೆಯಾಗದೆಂದು ಎಚ್ಚರಿಸಿದರು. ಹದಿನಾಲ್ಕನೆಯ ಲಿಯೋ ಅವರು 2025ರ ಜೂನ್ 26ರಂದು, ಭದ್ರತೆಯ ಹೆಸರಿನಲ್ಲಿ ಬಡವರ ಮೇಲೆಯೇ ಸಮರ ಸಾರಿ, ಸಾವಿನ ಸರಪಣಿಯ ಕೊನೆಯ ಕೊಂಡಿಗಳಾದವರಿಂದ ಸೆರೆಮನೆ ತುಂಬಿಸುವ ಪದ್ಧತಿಯನ್ನು ಟೀಕಿಸಿದರು. ಈ ಎರಡು ಧ್ವನಿಗಳಲ್ಲಿ ವಿರೋಧವಿಲ್ಲ. ವ್ಯಾಪಾರಕ್ಕೆ ತಡೆ, ಬಿದ್ದವನಿಗೆ ಕೈ: ಇದೇ ಧರ್ಮಸಭೆಯ ಮಾತು.

ನಮ್ಮ ಮನೆಗಳ ಮಾತು

ಆದರೆ ಈ ಮಾತನ್ನು ಹೇಳುವ ನೈತಿಕ ಹಕ್ಕು ನಮ್ಮ ಸಮಾಜಕ್ಕೆ ಇದೆಯೇ? ರೋಸ್ ಸಮಾರಂಭದಲ್ಲಿ, ಮದುವೆಯಲ್ಲಿ, ನಾಮಕರಣದ ಔತಣದಲ್ಲಿಯೂ ಬಾಟಲಿಗಳ ಲೆಕ್ಕದಿಂದ ಮನೆತನದ ಅಂತಸ್ತನ್ನು ಅಳೆಯುವವರು, ಮಗನು ಬೇರೊಂದು ಅಮಲನ್ನು ಹುಡುಕಿಕೊಂಡಾಗ ಯಾವ ಬಾಯಿಯಿಂದ ಬುದ್ಧಿ ಹೇಳುವುದು? ಅವನು ತರ್ಕ ಬಲ್ಲವನಾದರೆ ತಿರುಗಿ ಪ್ರಶ್ನಿಸುತ್ತಾನೆ. ಆ ಪ್ರಶ್ನೆಗೆ ಉತ್ತರ ದೊರೆಯುವುದು ನಮ್ಮ ಮೇಜಿನ ಮೇಲೆಯೇ.

ಎರಡನೆಯದು, ಮುಚ್ಚಿಡುವ ಅಭ್ಯಾಸ. ಮಗನ ಅಥವಾ ಮಗಳ ವ್ಯಸನ ತಿಳಿದಾಗ ಹೆಚ್ಚಿನ ಮನೆಗಳು ಮೊದಲು ಯೋಚಿಸುವುದು ನೆರೆಹೊರೆಯವರ ಬಾಯಿಯ ಬಗ್ಗೆ. ಹೀಗೆ ಕಳೆದುಹೋಗುವ ತಿಂಗಳುಗಳೇ ರೋಗಕ್ಕೆ ಬಲ. 14446 ಎಂಬ ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿಗೆ ಉಚಿತವಾಗಿ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ; ಮಂಗಳೂರಿನ ಫಾದರ್ ಮುಲ್ಲರ್ ಆಸ್ಪತ್ರೆಯಲ್ಲಿ ಮನೋರೋಗ ತಜ್ಞರಿದ್ದಾರೆ. ಧರ್ಮಕೇಂದ್ರದ ಗುರುಗಳ ಬಾಗಿಲನ್ನೂ ವಾಳೆಯ ಗುರಿಕಾರರ ಬಾಗಿಲನ್ನೂ ಸಂಕೋಚವಿಲ್ಲದೆ ತಟ್ಟಬಹುದು.

ಮೂರನೆಯದು, ವ್ಯಾಸಂಗಕ್ಕಾಗಿ ಕೆನಡಾಕ್ಕೆ, ಜರ್ಮನಿಗೆ ತೆರಳುತ್ತಿರುವ ನಮ್ಮ ಮಕ್ಕಳು. ಅಲ್ಲಿ ಅವರನ್ನು ತಡೆಯುವ ಪೊಲೀಸನಿಲ್ಲ. ಕಾನೂನು ಬಿಟ್ಟಲ್ಲಿ ಅಂತಃಸಾಕ್ಷಿ ಹಿಡಿಯಬೇಕು. ಆ ಅಂತಃಸಾಕ್ಷಿಯನ್ನು ರೂಪಿಸುವ ಕೆಲಸ ವಿಮಾನ ನಿಲ್ದಾಣದಲ್ಲಿ ಆಗುವುದಿಲ್ಲ. ಸಂಜೆಯ ಪ್ರಾರ್ಥನೆಯ ಬಳಿಕ ಹತ್ತು ನಿಮಿಷ ಮುಚ್ಚುಮರೆಯಿಲ್ಲದೆ ಮಾತಾಡುವ ಮನೆಗಳಲ್ಲಿ ಅದು ಆಗುತ್ತದೆ.

ಹೀಗಿರುವುದರಿಂದ ನಮ್ಮ ನಿಲುವನ್ನು ಸಂಕ್ಷೇಪವಾಗಿ ಹೀಗೆ ಹೇಳಬಹುದು. ಮೊದಲ ಬಾರಿಗೆ ಅಲ್ಪ ಪ್ರಮಾಣದೊಂದಿಗೆ ಸಿಕ್ಕಿಬಿದ್ದ ಹುಡುಗನಿಗೆ ಸೆರೆಮನೆಯ ಬದಲು ಚಿಕಿತ್ಸೆಯೇ ನಿಯಮವಾಗಲೆಂದು ಕಾನೂನು ತಿದ್ದುಪಡಿಯಾದರೆ, ಕಥೋಲಿಕರು ಅದನ್ನು ಸ್ವಾಗತಿಸಬೇಕು. ಔಷಧಕ್ಕೂ ನಾರಿಗೂ ಈ ಗಿಡ ಬಳಕೆಯಾಗುವುದಾದರೆ ಅದಕ್ಕೂ ಅಡ್ಡಿಯಿಲ್ಲ. ಆದರೆ ಅಮಲನ್ನು ಸರಕಿನಂತೆ ಮಾರುವ ಪರವಾನಿಗೆಯನ್ನು ದೃಢವಾಗಿ ವಿರೋಧಿಸಬೇಕು. ದುಂದುಗಾರ ಮಗನ ತಂದೆ ಮಗನನ್ನು ಓಡಿಹೋಗಿ ಅಪ್ಪಿಕೊಂಡನು. ಮಗನ ಆಸ್ತಿಯನ್ನು ಕರಗಿಸಿದ ಆ ದೂರದೇಶದ ವ್ಯಾಪಾರದಲ್ಲಿ ಅವನು ಪಾಲುದಾರನಾಗಲಿಲ್ಲ.