ಮಾವನ ಹೋಟೆಲೂ ಲಿವರ್‌ಪೂಲಿನ ಪಬ್ಬೂ

ಸಂಪಾದಕ ಮಿತ್ರರು ‘ಇಂಗ್ಲೆಂಡಿಗೆ ಹೋಗಿ ಬಂದಿದ್ದೀರಿ, ಸಂಚಿಕೆಗೆ ಏನಾದರೂ ಬರೆದುಕೊಡಲೇಬೇಕು’ ಎಂದು ಪಟ್ಟು ಹಿಡಿದರು. ಶೇಕ್ಸ್‌ಪಿಯರನ ಮನೆಯ ಬಗ್ಗೆಯೋ ಬ್ರಿಟಿಷ್ ಮ್ಯೂಸಿಯಮ್ಮಿನ ಬಗ್ಗೆಯೋ ಬರೆದೇನು ಎಂದು ಅವರು ಎಣಿಸಿದ್ದರೇನೋ. ನಾನು ಬರೆಯುತ್ತಿರುವುದು ಒಂದು ಹೆಂಡದಂಗಡಿಯ ಬಗ್ಗೆ. ಮೊದಲೇ ಹೇಳಿಬಿಡುವುದು ಒಳ್ಳೆಯದು. ಓದಲು ಇಷ್ಟವಿಲ್ಲದವರು ಪುಟ ತಿರುಗಿಸಿ ಕವಿತೆಗಳ ಕಡೆ ಹೋಗಬಹುದು. ಆದರೆ ಈ ಲೇಖನದ ಕೊನೆಯಲ್ಲಿ ನಮ್ಮ ಸಂಘದ ಮಾತೂ ಇದೆ, ನನ್ನದೇ ಒಂದು ತಪ್ಪಿನ ಮಾತೂ ಇದೆ.

ಆಫೀಸಿನ ಕೆಲಸದ ಮೇಲೆ ಮ್ಯಾಂಚೆಸ್ಟರಿನಲ್ಲಿ ಮೂರು ತಿಂಗಳು ಇದ್ದೆ. ಒಂದು ಶನಿವಾರ ಜತೆಗಿದ್ದ ಧಾರವಾಡದ ಕಡೆಯ ಗೆಳೆಯ ‘ಶೆಟ್ರ, ಲಿವರ್‌ಪೂಲ್ ನೋಡಿ ಬರೋಣ ನಡೀರಿ, ನಮ್ಮ ಹತ್ತಿ ಬಂದು ಇಳಿದ ಊರದು’ ಎಂದ. ಅವನ ಮಾತು ಸುಳ್ಳಲ್ಲ. ಅಮೆರಿಕದಲ್ಲಿ 1861ರಿಂದ 1865ರ ವರೆಗೆ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತುಹೋದಾಗ ಲ್ಯಾಂಕಾಷೈರಿನ ಗಿರಣಿಗಳು ನಮ್ಮ ಕಡೆ ತಿರುಗಿದವು. ಧಾರವಾಡದ ಹತ್ತಿ ಮುಂಬಯಿ ಬಂದರದಿಂದ ಲಿವರ್‌ಪೂಲಿಗೆ ಹೋಯಿತು. ಆ ದುಡ್ಡಿನ ಗುರುತು ಮುಂಬಯಿಯಲ್ಲೂ ಇದೆ, ಅಲ್ಲೂ ಇದೆ.

ಸುತ್ತಿ ಸುತ್ತಿ ಕಾಲು ಸೋತಾಗ ಹೋಪ್ ಸ್ಟ್ರೀಟಿನ ಮೂಲೆಯಲ್ಲಿ ‘ಫಿಲ್‌ಹಾರ್ಮಾನಿಕ್ ಡೈನಿಂಗ್ ರೂಮ್ಸ್’ ಎಂಬ ಕಟ್ಟಡ ಕಂಡಿತು. ಎದುರಿಗೆ ಅದೇ ಹೆಸರಿನ ಸಂಗೀತ ಸಭಾಂಗಣ. ಹೊರಗಿನ ಗೇಟು ನೋಡಿ ಯಾವನೋ ಡ್ಯೂಕನ ಬಂಗಲೆ ಅಂದುಕೊಂಡೆವು. ಕಬ್ಬಿಣ ಮತ್ತು ತಾಮ್ರದಲ್ಲಿ ಬಳ್ಳಿ ಎಲೆ ಹಬ್ಬಿಸಿದ ಗೇಟು. ಒಳಗೆ ಹೋದರೆ ಕೆಳಗೆ ಮೊಸಾಯಿಕ್, ಗೋಡೆಗೆ ಮಹಾಗನಿ ಮರ ಮತ್ತು ಉಬ್ಬು ಚಿತ್ರದ ತಾಮ್ರದ ಹಲಗೆ, ಮೇಲೆ ಗಾರೆಯ ಕೆತ್ತನೆ, ಕಿಟಕಿಗೆ ಬಣ್ಣದ ಗಾಜು. ರಾಬರ್ಟ್ ಕೇನ್ ಎಂಬ ಬಿಯರ್ ತಯಾರಕನಿಗಾಗಿ ವಾಲ್ಟರ್ ಥಾಮಸ್ ಎಂಬ ವಾಸ್ತುಶಿಲ್ಪಿ 1898ರಿಂದ 1900ರ ಸುಮಾರಿಗೆ ಕಟ್ಟಿದ್ದು. ಅಂದರೆ ವಿಕ್ಟೋರಿಯಾ ರಾಣಿಯ ಕಡೆಯ ದಿನಗಳು. ಊರಿನ ವಿದ್ಯಾಪೀಠದ ಕಲಾಶಾಲೆಯ ಕುಶಲಕರ್ಮಿಗಳು ಇಲ್ಲಿ ಕೈ ಆಡಿಸಿದ್ದಾರೆ. 2020ರಲ್ಲಿ ಸರಕಾರ ಇದನ್ನು ಮೊದಲ ದರ್ಜೆಯ ಸಂರಕ್ಷಿತ ಕಟ್ಟಡವೆಂದು ಸಾರಿತು. ಕುಡಿಯುವ ಅಂಗಡಿಯೆಂದೇ ಕಟ್ಟಿದ ವಿಕ್ಟೋರಿಯಾ ಕಾಲದ ಕಟ್ಟಡವೊಂದಕ್ಕೆ ಇಂಗ್ಲೆಂಡಿನಲ್ಲಿ ಆ ಮರ್ಯಾದೆ ಸಿಕ್ಕಿದ್ದು ಅದೇ ಮೊದಲು. ಗಂಡಸರ ಮೂತ್ರಾಲಯ ಕೂಡ ಗುಲಾಬಿ ಬಣ್ಣದ ಅಮೃತಶಿಲೆಯದು. ಅದನ್ನು ನೋಡಲು ಹೆಂಗಸರೂ ಬರುತ್ತಾರೆಂದರೆ ನೀವು ನಂಬಲಿಕ್ಕಿಲ್ಲ. ಪ್ರಸಿದ್ಧಿ ಬಂದ ಮೇಲೆ ಇಲ್ಲಿ ಬಂದು ಒಂದು ಗ್ಲಾಸು ಕುಡಿಯಲಾಗುವುದಿಲ್ಲವಲ್ಲ ಎಂದು ಜಾನ್ ಲೆನನ್ ಕೊರಗಿದ್ದನಂತೆ. ಊರೆಲ್ಲ ಈ ಕತೆ ಹೇಳುತ್ತದೆ.

ಇಂಥ ಕಡೆ ಮಾಣಿ ಮೇಜಿಗೆ ಬರುವುದಿಲ್ಲ. ನಾವು ಕೂತೇ ಕೂತೆವು, ಯಾರೂ ಕೇಳಲಿಲ್ಲ. ಪಕ್ಕದ ಮುದುಕರೊಬ್ಬರು ನಗುತ್ತ ಕಟ್ಟೆಯ ಕಡೆ ಕೈ ತೋರಿಸಿದರು. ಅಲ್ಲಿ ನಾವೇ ಹೋಗಿ ಹೇಳಬೇಕು, ದುಡ್ಡು ಅಲ್ಲೇ ಕೊಡಬೇಕು. ಕಟ್ಟೆಯ ಮೇಲೆ ಉದ್ದ ಹಿಡಿಕೆಯ ಕೈಪಂಪುಗಳು ಸಾಲಾಗಿ ನಿಂತಿದ್ದವು. ಹುಡುಗಿ ಹಿಡಿಕೆಯನ್ನು ನಿಧಾನ ಎಳೆದಳು. ನಮ್ಮೂರ ಬೋರಿನ ಪಂಪು ನೆನಪಾಯಿತು. ಜೇನು ಬಣ್ಣದ ಬಿಯರು ಗ್ಲಾಸಿಗೆ ಏರಿತು. ಗೆಳೆಯ ಒಂದು ಗುಟುಕು ಕುಡಿದು ಮುಖ ಸಿಂಡರಿಸಿದ: ‘ಏನ್ರೀ ಶೆಟ್ರ, ಬೆಚ್ಚಗ ಐತಲ್ರೀ ಇದು! ಗುಳ್ಳೀನೂ ಇಲ್ಲ!’

ನಮಗೆ ದಾರಿ ತೋರಿಸಿದ ಮುದುಕರು ಇದಕ್ಕೇ ಕಾದಿದ್ದಂತೆ ಕುರ್ಚಿ ಹತ್ತಿರ ಎಳೆದರು. ಬೆಚ್ಚಗಲ್ಲವಂತೆ, ನೆಲಮಾಳಿಗೆಯ ತಂಪು. ಹನ್ನೊಂದರಿಂದ ಹದಿಮೂರು ಡಿಗ್ರಿ. ಇದು ‘ರಿಯಲ್ ಏಲ್’. ಬಾರ್ಲಿಯ ಮೊಳಕೆ, ಹಾಪ್ ಹೂವು, ನೀರು, ಯೀಸ್ಟು. ಕಾರ್ಖಾನೆಯಿಂದ ಪೀಪಾಯಿಗೆ ತುಂಬಿದ ಮೇಲೂ ಯೀಸ್ಟು ಸತ್ತಿರುವುದಿಲ್ಲ. ಪಬ್ಬಿನ ನೆಲಮಾಳಿಗೆಯಲ್ಲಿ ಪೀಪಾಯಿಯೊಳಗೇ ಇನ್ನೊಂದು ಸಲ ಹುದುಗುತ್ತದೆ. ಹೊರಗಿನಿಂದ ಗ್ಯಾಸು ತುಂಬುವ ಹಾಗಿಲ್ಲ, ಕಾಯಿಸಿ ಸೋಸುವ ಹಾಗಿಲ್ಲ. ಮುಚ್ಚಳದಲ್ಲೊಂದು ಪುಟ್ಟ ಮರದ ಬೆಣೆ ಹೊಡೆದು ಉಸಿರಾಡಲು ಬಿಡಬೇಕು, ಹದ ನೋಡಿ ಬೆಣೆ ಬದಲಿಸಬೇಕು. ಒಮ್ಮೆ ತೆರೆದರೆ ಮೂರು ದಿನದೊಳಗೆ ಖಾಲಿಯಾಗಬೇಕು, ಇಲ್ಲದಿದ್ದರೆ ಹುಳಿ. ಬಿಯರನ್ನು ಮಾಡಿದವನು ಒಬ್ಬನಾದರೆ ಅದನ್ನು ಪಕ್ವ ಮಾಡುವವನು ಪಬ್ಬಿನವನು. ಅವನು ಸೋಮಾರಿಯಾದರೆ ಒಳ್ಳೆಯ ಬಿಯರೂ ಕೆಟ್ಟಿತು.

ಇದನ್ನು ಕೇಳುತ್ತ ನನಗೆ ಹೊಸತೇನೂ ಅನ್ನಿಸಲಿಲ್ಲ. ನಮ್ಮ ಹೋಟೆಲಿನ ಭಟ್ಟರು ರಾತ್ರಿ ಮಲಗುವ ಮುಂಚೆ ದೋಸೆ ಹಿಟ್ಟಿನ ಪಾತ್ರೆಯ ಮುಚ್ಚಳ ತೆಗೆದು ಮೂಸುವುದನ್ನು ನೋಡಿದವನಿಗೆ ಇದು ಅರ್ಥವಾಗುತ್ತದೆ. ಊರಿನಲ್ಲಿ ಬೆಳಗ್ಗೆ ಮರದಿಂದ ಇಳಿಸಿದ ಕಳ್ಳು ಸಿಹಿ, ಸಂಜೆಗೆ ಅದರ ಗುಣವೇ ಬೇರೆ. ಜೀವವಿರುವ ಪದಾರ್ಥಕ್ಕೆ ಕಾಯುವ ಮನುಷ್ಯ ಬೇಕು.

ಮುದುಕರು ಇನ್ನೊಂದು ಗುಟ್ಟನ್ನೂ ಬಿಟ್ಟರು. ಕದಡು ಕೆಳಗೆ ಇಳಿಯಲೆಂದು ಪೀಪಾಯಿಗೆ ಮೀನಿನ ಗಾಳಿಚೀಲದಿಂದ ತೆಗೆದ ಪದಾರ್ಥ ಹಾಕುವ ರೂಢಿಯಂತೆ. ಈಚೆಗೆ ಅದಿಲ್ಲದ ಬಿಯರೂ ಸಿಗುತ್ತದೆ. ಮೀನು ತಿನ್ನುವ ನನಗೆ ಏನೂ ಅಡ್ಡಿಯಿಲ್ಲ. ಗೆಳೆಯ ಮಾತ್ರ ‘ಅಯ್ಯಯ್ಯ, ಕುಡ್ಯೂದ ಒಂದು ಪಾಪ, ಅದರಾಗ ಮೀನಿಂದು ಬ್ಯಾರೆ!’ ಎಂದು ಗ್ಲಾಸನ್ನು ನನ್ನ ಕಡೆ ದೂಡಿ ಕಿತ್ತಳೆ ರಸ ತಂದುಕೊಂಡ. ನಾನು ಮೀನು, ಆಲೂಗಡ್ಡೆ ಚಿಪ್ಸು, ಜಜ್ಜಿದ ಬಟಾಣಿ ತಿಂದೆ. ಉಪ್ಪು ಖಾರ ಸಾಲದು, ಆದರೆ ಮೀನು ಒಳ್ಳೆಯದಿತ್ತು. ಅವನು ಬರೀ ಚಿಪ್ಸು ತಿಂದ. ಎರಡು ಗಂಟೆ ಕೂತೆವು. ಕಿತ್ತಳೆ ರಸದವನನ್ನೂ ಯಾರೂ ಏಳು ಅನ್ನಲಿಲ್ಲ. ಒಂದು ಮೇಜಿನಲ್ಲಿ ಅಜ್ಜಿ ಮೊಮ್ಮಗಳ ಜತೆ ಊಟ ಮಾಡುತ್ತಿದ್ದಳು. ಪಬ್ ಎಂದರೆ ‘ಪಬ್ಲಿಕ್ ಹೌಸ್’, ಸಾರ್ವಜನಿಕರ ಮನೆ ಎಂಬುದನ್ನು ನಾನು ಅಲ್ಲಿ ಕೂತು ಕಲಿತೆ.

ಈ ಬಿಯರು ಒಮ್ಮೆ ಸಾಯುವ ಸ್ಥಿತಿಗೆ ಬಂದಿತ್ತಂತೆ. 1960ರ ದಶಕದಲ್ಲಿ ಆರು ದೊಡ್ಡ ಕಂಪನಿಗಳು ಸಣ್ಣ ಕಾರ್ಖಾನೆಗಳನ್ನು ನುಂಗಿ, ಕಾಯಿಸಿ ಸೋಸಿ ಗ್ಯಾಸು ತುಂಬಿದ ಬಿಯರನ್ನು ದೇಶದ ತುಂಬ ಹರಿಸಿದವು. ಎಲ್ಲ ಕಡೆ ಒಂದೇ ರುಚಿ, ನೋಡಿಕೊಳ್ಳುವ ಕಷ್ಟವಿಲ್ಲ. 1971ರಲ್ಲಿ ನಾಲ್ವರು ಯುವಕರು ಐರ್ಲೆಂಡಿಗೆ ರಜೆಗೆ ಹೋದಾಗ ಮಾತಿಗೆ ಮಾತು ಬೆಳೆದು ಒಂದು ಸಂಘ ಕಟ್ಟಿದರು. ಅದೇ ಇಂದಿನ ‘ಕ್ಯಾಮ್ರಾ’. ಒಳ್ಳೆಯ ಬಿಯರು ಎಲ್ಲಿ ಸಿಗುತ್ತದೆಂದು ಊರೂರು ತಿರುಗಿ 1974ರಲ್ಲಿ ಪುಸ್ತಕ ಅಚ್ಚು ಮಾಡಿಸಿದರು. ಕಂಪನಿಗಳು ಬಗ್ಗಬೇಕಾಯಿತು. ಕುಡಿಯುವವರು ಸಂಘ ಕಟ್ಟಿ ರುಚಿಯನ್ನು ಉಳಿಸಿಕೊಂಡರೆಂದರೆ ನಮಗೆ ನಗು ಬರುತ್ತದೆ. ನಾವೂ ನಾಲ್ಕು ಜನ ಕ್ಯಾಂಟೀನಿನಲ್ಲಿ ಕೂತೇ ಈ ಸಂಘ ನಡೆಸುತ್ತೇವೆ ಎಂದು ನೆನೆದರೆ ನಗು ನಿಲ್ಲುತ್ತದೆ.

ಇಷ್ಟಕ್ಕೇ ನಿಲ್ಲಿಸಿದರೆ ನಾನು ಬಿಳಿಯರ ಭಟ್ಟಂಗಿಯಾದೇನು. ಇನ್ನೊಂದು ಮುಖವೂ ಇದೆ. ಆ ಬಣ್ಣದ ಗಾಜಿನಲ್ಲಿ ಚಿತ್ರವಾಗಿ ನಿಂತವರಲ್ಲಿ ಒಬ್ಬ ಲಾರ್ಡ್ ರಾಬರ್ಟ್ಸ್. ಕಾನ್ಪುರದಲ್ಲಿ ಹುಟ್ಟಿ, ನಮ್ಮ ದೇಶದಲ್ಲಿ ಸೇನಾಧಿಪತಿಯಾಗಿ, ಬೋಯರ್ ಯುದ್ಧದಲ್ಲಿ ವೀರನೆನಿಸಿಕೊಂಡವನು. ನಾನು ಕುಡಿದದ್ದು ಅವನ ಕಣ್ಣ ಕೆಳಗೆ. ಒಳಗೆ ಕೆತ್ತನೆ ಕೆಲಸದ ಮರದ ಅಡ್ಡಗೋಡೆಗಳಿವೆಯಲ್ಲ, ವಿಕ್ಟೋರಿಯಾ ಕಾಲದ ಪಬ್ಬುಗಳಲ್ಲಿ ಅವುಗಳ ಕೆಲಸವೇನು? ಕೂಲಿಯವನಿಗೆ ಬೇರೆ ಕೋಣೆ, ಕೋಟಿನವನಿಗೆ ಬೇರೆ ಕೋಣೆ. ಕೋಟಿನ ಕಡೆ ಅದೇ ಬಿಯರಿಗೆ ಹೆಚ್ಚು ಬೆಲೆ. ಬಹಳ ಕಡೆ ಕರಿಯರನ್ನೂ ನಮ್ಮವರನ್ನೂ ಒಳ್ಳೆಯ ಕೋಣೆಗೆ ಬಿಡುತ್ತಿರಲಿಲ್ಲ. ಅದು ತಪ್ಪು ಎಂದು ಕಾನೂನು ಬಂದದ್ದು 1965ರಲ್ಲಿ. ಇದನ್ನು ಓದಿ ಹಲ್ಲು ಕಡಿಯುವ ಮೊದಲು ನಮ್ಮೂರ ಚಹದಂಗಡಿಗಳಲ್ಲಿ ಹೊರಗೆ ಬೇರೆಯಾಗಿ ಇಟ್ಟ ಲೋಟಗಳನ್ನು ನೆನೆಯಬೇಕು. ಅಡ್ಡಗೋಡೆ ಅಲ್ಲಿಯದು ಮಾತ್ರವಲ್ಲ. ಇವತ್ತು ಆ ಮರದ ಗೋಡೆ ಹಾಗೇ ಇದೆ, ಅದರಾಚೆ ಈಚೆ ಯಾರು ಬೇಕಾದರೂ ಕೂರುತ್ತಾರೆ. ಉಳಿಸುವುದಾದರೆ ಹೀಗೆ ಉಳಿಸಬೇಕು.

ಅರಮನೆಯಂತೆ ಕಟ್ಟಿದ್ದೇಕೆ ಎಂದರೆ ಅದಕ್ಕೂ ಕಾರಣವಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಲ್ಯಾಂಕಾಷೈರಿನಲ್ಲೇ ಕುಡಿತಕ್ಕೆ ಸಿಕ್ಕಿ ಮನೆಗಳು ಹಾಳಾದವು. ಪ್ರೆಸ್ಟನ್ ಎಂಬ ಊರಿನ ಜೋಸೆಫ್ ಲಿವ್ಸೆ ಮತ್ತು ಅವನ ಗೆಳೆಯರು 1832ರಲ್ಲಿ ಪೂರ್ತಿ ಮದ್ಯ ಬಿಡುವ ಪ್ರತಿಜ್ಞೆ ಮಾಡಿ ಚಳವಳಿ ನಡೆಸಿದರು. ಲೈಸೆನ್ಸು ಕೊಡುವ ಮ್ಯಾಜಿಸ್ಟ್ರೇಟರೂ ಬಿಗಿಯಾದರು. ಆಗ ಬಿಯರ್ ತಯಾರಕರು ‘ನಮ್ಮದು ಗೌರವಸ್ಥರ ಜಾಗ’ ಎಂದು ತೋರಿಸಲು ದುಡ್ಡು ಸುರಿದರು. ಒತ್ತಡ ಅವರನ್ನು ಬೆಳಕಿನ ಕಡೆ ದೂಡಿತು.

ಮುಂಬಯಿಯಲ್ಲಿ ನಡೆದದ್ದು ತಿರುಗಾಮುರುಗಾ. 1949ರ ಪಾನನಿರೋಧ ಕಾಯ್ದೆ ಬಂದು, ಆಮೇಲೆ ಸಡಿಲವಾಗಿ, ‘ಪರ್ಮಿಟ್ ರೂಮ್’ ಎಂಬ ವಿಚಿತ್ರ ಹುಟ್ಟಿತು. ಕುಡಿಯುವವನಿಗೆ ಪರವಾನಗಿ, ಕಾರಣ, ಆರೋಗ್ಯ ಕಾಪಾಡಿಕೊಳ್ಳಲು! ಕಪ್ಪು ಗಾಜು, ಪರದೆ, ಮಬ್ಬು ದೀಪ. ಒಳಗೆ ಹೋಗುವವನು ಹಿಂದೆ ಮುಂದೆ ನೋಡಿಕೊಂಡೇ ಹೋಗುತ್ತಾನೆ. ಕದ್ದು ಕುಡಿಯುವವನು ಬೇಗ ಕುಡಿಯುತ್ತಾನೆ, ಜಾಸ್ತಿ ಕುಡಿಯುತ್ತಾನೆ. ಇದು ನನ್ನ ಮಾತಲ್ಲ, ಗಲ್ಲದ ಹಿಂದೆ ನಲವತ್ತು ವರ್ಷ ಕೂತ ನನ್ನ ಸೋದರಮಾವನ ಮಾತು.

ಮಾವ ಹನ್ನೆರಡನೆಯ ವಯಸ್ಸಿಗೆ ಊರು ಬಿಟ್ಟು ಮುಂಬಯಿಗೆ ಬಂದವರು. ಹಗಲು ಕಪ್ಪು ಬಸಿ ತೊಳೆದರು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿದರು. ಮಾಣಿಯಾಗಿ, ಮ್ಯಾನೇಜರಾಗಿ, ಕೊನೆಗೆ ಸ್ವಂತ ಪರ್ಮಿಟ್ ರೂಮು ಮಾಡಿದರು. ಊರಿನಲ್ಲಿ ಕೇಳಿದರೆ ‘ಹೋಟೆಲು’ ಎನ್ನುತ್ತಾರೆ. ನಾನೂ ಕಾಲೇಜಿನ ಫಾರ್ಮಿನಲ್ಲಿ ಹಾಗೇ ಬರೆದೆ. ನನ್ನ ಫೀಸು ಬಂದದ್ದು ಆ ಮಬ್ಬು ದೀಪದ ಕೋಣೆಯಿಂದ. ನಾನು ಸಂಘದ ಕಾರ್ಯದರ್ಶಿಯಾಗಿದ್ದ ವರ್ಷ ಪತ್ರಿಕೆಗೆ ಕಾಗದಕ್ಕೂ ಶಾಯಿಗೂ ದುಡ್ಡಿರಲಿಲ್ಲ. ಮಾವ ಕೇಳಿದ ಕೂಡಲೇ ಕೊಟ್ಟರು. ಜಾಹೀರಾತಿನಲ್ಲಿ ಬಾರಿನ ಹೆಸರು ಹಾಕುವುದೋ ಬೇಡವೋ ಎಂದು ಸಮಿತಿಯಲ್ಲಿ ಅರ್ಧ ಗಂಟೆ ಚರ್ಚೆಯಾಯಿತು. ಸರಸ್ವತಿಯ ಕೆಲಸಕ್ಕೆ ಆ ಹೆಸರು ಸರಿಯಲ್ಲ ಎಂದರು. ‘ಹಿತೈಷಿಯೊಬ್ಬರಿಂದ’ ಎಂದು ಹಾಕೋಣ ಎಂದು ಸೂಚಿಸಿದವನು ನಾನೇ. ದುಡ್ಡು ಬೇಡ ಎಂದು ಮಾತ್ರ ಯಾರೂ ಹೇಳಲಿಲ್ಲ. ಸಂಚಿಕೆ ಕೊಟ್ಟಾಗ ಮಾವ ಕಡೆಯ ಪುಟದವರೆಗೆ ಹಾಳೆ ತಿರುಗಿಸಿ ನೋಡಿ, ‘ಅಕ್ಷರ ಚೆನ್ನಾಗಿ ಮೂಡಿದೆ’ ಎಂದಷ್ಟೇ ಹೇಳಿದರು.

ಕುಡಿತವನ್ನು ಹೊಗಳುತ್ತೀಯಾ ಎಂದು ನೀವು ಕೇಳಬಹುದು. ಇಲ್ಲ. ಸಂಬಳದ ದಿನ ಬರಿಗೈಯಲ್ಲಿ ಮನೆಗೆ ಹೋದ ಗಂಡಸರನ್ನು ನಾನೂ ಬಲ್ಲೆ, ಮಾವ ನನಗಿಂತ ಚೆನ್ನಾಗಿ ಬಲ್ಲರು. ನನ್ನ ವಾದ ಇಷ್ಟೇ: ಈ ವೃತ್ತಿ ಕೆಟ್ಟದ್ದಾದರೆ ಅದರ ದುಡ್ಡನ್ನೂ ಮುಟ್ಟಬಾರದು. ದುಡ್ಡು ಆಗಬಹುದಾದರೆ ಹೆಸರೂ ಆಗಬೇಕು. ಮುಂಬಯಿಯ ಎಷ್ಟೋ ಕನ್ನಡ ಸಂಘಗಳ ದೀಪಕ್ಕೆ ಎಣ್ಣೆ ಹೊಯ್ದವರು ಇಂಥ ಗಲ್ಲದ ಹಿಂದಿನವರು. ಅವರನ್ನು ಹೂಹಾರದ ದಿನ ‘ಉದ್ಯಮಿ’ ಎಂದು ಕರೆದು ಉಳಿದ ದಿನ ಪರದೆಯ ಹಿಂದೆ ಇಡುವುದು ನಮ್ಮ ಅಡ್ಡಗೋಡೆ.

ಊರಿಗೆ ಮರಳಿದ ಮೇಲೆ ಮಾವನಿಗೆ ಆ ಪಬ್ಬಿನ ವರ್ಣನೆ ಮಾಡಿದೆ. ತಾಮ್ರ, ಮಹಾಗನಿ, ಅಮೃತಶಿಲೆ ಎಲ್ಲ ಕೇಳಿಸಿಕೊಂಡು ಅವರು ಒಂದೇ ಪ್ರಶ್ನೆ ಕೇಳಿದರು: ‘ಅಲ್ಲಿ ಗ್ಲಾಸು ತೊಳೆಯುವವರು ಯಾರು? ಅವರಿಗೆ ಕೂರಲಿಕ್ಕೆ ಜಾಗ ಉಂಟಾ?’ ನನಗೆ ಗೊತ್ತಿರಲಿಲ್ಲ. ಎರಡು ಗಂಟೆ ಕೂತು ಚಾವಣಿ ನೋಡಿದವನು ಅದನ್ನು ನೋಡಿರಲಿಲ್ಲ.

ಈ ವರ್ಷವೂ ಪತ್ರಿಕೆಗೆ ದುಡ್ಡು ಸಾಲದು ಎಂದು ಕೇಳಿದೆ. ಮಾವ ಕೊಡುತ್ತಾರೆ, ಅನುಮಾನವಿಲ್ಲ. ಆದರೆ ಅವರ ಹತ್ತಿರ ಹೋಗುವ ಮೊದಲು ಸಮಿತಿಯವರಿಂದ ನನಗೆ ಒಂದು ಮಾತು ಬೇಕು. ಕಡೆಯ ಪುಟದಲ್ಲಿ ಅವರ ಅಂಗಡಿಯ ಪೂರ್ತಿ ಹೆಸರು, ‘ಬಾರ್’ ಎಂಬ ಎರಡಕ್ಷರ ಬಿಡದೆ, ಹಾಕುತ್ತೀರಾ? ಹಾಕಿಸಿಕೊಳ್ಳಲು ಅವರು ಒಪ್ಪುತ್ತಾರೋ ಇಲ್ಲವೋ ಹೇಳಲಾರೆ. ‘ನಿನಗೆ ಯಾಕೆ ಬೇಕು ಮಾರಾಯಾ ಇದೆಲ್ಲ’ ಎಂದರೂ ಎಂದಾರು. ಆದರೂ ಈ ಸಲ ಬೇಡ ಎನ್ನುವುದಾದರೆ ಅವರು ಅನ್ನಲಿ, ನಾವಲ್ಲ.