ಬಾಗಿಲಿಗೆ ಬಂದವರು
ವಿವೇಕ ಶಾನಭಾಗರ ಎರಡು ಕೃತಿಗಳಲ್ಲಿ ಸಂಸಾರದ ಬುಡ ಅಲುಗುವುದು ಮನೆಬಾಗಿಲಿಗೆ ಯಾರೋ ಬಂದು ನಿಂತಾಗ. 2013ರ ‘ಘಾಚರ್ ಘೋಚರ್’ನಲ್ಲಿ ಹೆಣ್ಣೊಬ್ಬಳು ಕಥೆ ಹೇಳುವವನ ಚಿಕ್ಕಪ್ಪನನ್ನು ಹುಡುಕಿಕೊಂಡು ಬರುತ್ತಾಳೆ, ಅವನಿಗೆಂದು ಅಡುಗೆ ಮಾಡಿಕೊಂಡು. ಮನೆಯ ಹೆಂಗಸರು ಅವಳನ್ನು ಬೈದು ಓಡಿಸುತ್ತಾರೆ. ಇಡೀ ಮನೆ ನಡೆಯುವುದು ಚಿಕ್ಕಪ್ಪನ ಮಸಾಲೆ ವ್ಯಾಪಾರದ ದುಡ್ಡಿನಿಂದ. ಹಾಗಾಗಿ ಅವನ ಗುಟ್ಟನ್ನು ಕಾಯುವುದು ಎಲ್ಲರ ಕೆಲಸ. ಆ ಹೆಣ್ಣನ್ನು ಹಾಗೆ ಓಡಿಸಿದ್ದು ತಪ್ಪು ಎಂದು ಬಾಯಿಬಿಟ್ಟು ಹೇಳುವವಳು ಸೊಸೆ ಅನಿತಾ ಒಬ್ಬಳೇ. ಕಥೆ ಹೇಳುವ ಅವಳ ಗಂಡ ಕೆಟ್ಟವನೇನಲ್ಲ, ಯಾರ ಮೇಲೂ ಕೈ ಮಾಡಿದವನಲ್ಲ, ಸುಮ್ಮನಿದ್ದಾನೆ, ಅಷ್ಟೆ. ಆ ಸುಮ್ಮನಿರುವಿಕೆಯೇ ನನ್ನನ್ನು ಹೆಚ್ಚು ಹೆದರಿಸಿತು. ಬಡತನದಲ್ಲಿ ಒಬ್ಬರಿಗೊಬ್ಬರು ಆತುಕೊಂಡಿದ್ದವರು ದುಡ್ಡು ಬಂದಮೇಲೆ ಇಷ್ಟು ಕ್ರೂರಿಗಳಾಗುವುದನ್ನು ಶಾನಭಾಗರು ಎಲ್ಲೂ ದನಿ ಏರಿಸದೆ ಬರೆದಿದ್ದಾರೆ. 2021ರ ‘ಸಕೀನಾಳ ಮುತ್ತು’ ಕಾದಂಬರಿಯಲ್ಲಿ ಮಗಳು ರೇಖಾಳನ್ನು ಕೇಳಿಕೊಂಡು ಬರುವ ಹುಡುಗರು ವೆಂಕಟನ ನೆಮ್ಮದಿ ಕೆಡಿಸುತ್ತಾರೆ. ತಾನು ಉದಾರಿ, ಹೆಂಡತಿ ಮಗಳಿಗೆ ಸ್ವಾತಂತ್ರ್ಯ ಕೊಟ್ಟವನು ಎಂದು ನಂಬಿದ್ದ ಮನುಷ್ಯ ಅವನು. ಮಗಳು ಎಲ್ಲಿದ್ದಾಳೆಂಬ ಆತಂಕ ಬೆಳೆಯುತ್ತ ಹೋದಂತೆ ಆ ನಂಬಿಕೆಯ ಬಣ್ಣ ಬಿಡುತ್ತದೆ. ಊರಿನ ಮನೆ, ಆಸ್ತಿ, ಹಿಂದೆಂದೋ ಕಣ್ಮರೆಯಾದ ಮಾವನ ನೆನಪು ಎಲ್ಲ ಮೇಲೆ ಬರುತ್ತವೆ. ಇಂಥ ಕಥೆಗಳಲ್ಲಿ ಗುಟ್ಟು ಕೊನೆಗೆ ಬಯಲಾಗಲೇಬೇಕೆಂದು ಬಯಸುವ ಓದುಗರಿಗೆ ಈ ಎರಡೂ ನಿರಾಸೆ ತರಬಹುದು. ನನ್ನ ಮಟ್ಟಿಗೆ ಅದೇ ಇವುಗಳ ಬಲ. ಎರಡೂ ಸಣ್ಣ ಪುಸ್ತಕಗಳು, ಒಂದರ ಹಿಂದೊಂದು ಓದಿ. ಮನೆಯವರ ಕೈಗೂ ಕೊಡಿ.