ಬಂಗು, ಮೊಡವೆ ಕಲೆ ಮತ್ತು ಆಮ್ಲದ ಸೀಸೆ

ಕಳೆದ ಸಂಚಿಕೆ ಸದಸ್ಯರ ಮನೆಗಳನ್ನು ಸೇರಿದ ಮೇಲೆ ಈ ಅಂಕಣಕ್ಕೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕುರಿತವು. “ಕೆಮಿಕಲ್ ಪೀಲ್ ಮಾಡಿಸಿಕೊಂಡರೆ ಮುಖದ ಕಲೆ ಹೋಗುತ್ತದೆಯೇ? ಸೀಸೆ ತರಿಸಿ ಮನೆಯಲ್ಲೇ ಮಾಡಿಕೊಳ್ಳಬಹುದೇ? ನೀವು ಡಾಕ್ಟರಲ್ಲವೇ, ಹೇಳಿ” ಎಂದು. ನಾವು ಡಾಕ್ಟರು ಹೌದು. ಆದರೆ ನಾಡಿ ಹಿಡಿಯುವ ಡಾಕ್ಟರಲ್ಲ, ಗಾಜಿನ ನಳಿಕೆ ಹಿಡಿಯುವ ಡಾಕ್ಟರು. ಆದ್ದರಿಂದ ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಚರ್ಮವೈದ್ಯರಿಗೆ ಬಿಟ್ಟು, ಸೀಸೆಯೊಳಗೆ ಏನಿದೆ, ಅದು ಚರ್ಮದ ಮೇಲೆ ಏನು ಮಾಡುತ್ತದೆ ಎಂಬುದನ್ನಷ್ಟೇ ಹೇಳುತ್ತೇವೆ. ಅಷ್ಟು ತಿಳಿದರೆ ಮನೆಯಲ್ಲಿ ಮಾಡಿಕೊಳ್ಳಬಹುದೇ ಎಂಬ ಪ್ರಶ್ನೆಗೆ ಉತ್ತರ ತಾನಾಗಿಯೇ ಸಿಗುತ್ತದೆ.

ಹಿತ್ತಾಳೆ ಬಿಂದಿಗೆಯನ್ನು ಹುಣಿಸೆಹಣ್ಣಿನಿಂದ ತಿಕ್ಕುವುದನ್ನು ನಾವೆಲ್ಲರೂ ನೋಡಿದ್ದೇವೆ. ಹುಣಿಸೆಯಲ್ಲಿರುವ ಟಾರ್ಟಾರಿಕ್ ಆಮ್ಲ ಮೇಲಿನ ಕಿಲುಬನ್ನು ಕರಗಿಸುತ್ತದೆ, ಕೆಳಗಿನ ಲೋಹ ಹೊಳೆಯುತ್ತದೆ. ಕೆಮಿಕಲ್ ಪೀಲ್ ಎಂಬುದೂ ಮೇಲುನೋಟಕ್ಕೆ ಇದೇ. ನಮ್ಮ ಚರ್ಮದ ಅತಿ ಮೇಲಿನ ಪದರ ಸತ್ತ ಜೀವಕೋಶಗಳದು. ಕೆಳಗಿನಿಂದ ಹೊಸ ಕೋಶಗಳು ಮೇಲೇರಿ ಬರುತ್ತವೆ, ಸಾಯುತ್ತವೆ, ಕಣ್ಣಿಗೆ ಕಾಣದ ಹೊಟ್ಟಾಗಿ ಉದುರುತ್ತವೆ. ಈ ಸುತ್ತು ಮುಗಿಯಲು ಸುಮಾರು ನಾಲ್ಕು ವಾರ ಹಿಡಿಯುತ್ತದೆ. ಸತ್ತ ಕೋಶಗಳು ಒಂದನ್ನೊಂದು ಕೊಕ್ಕೆ ಹಾಕಿದಂತೆ ಹಿಡಿದುಕೊಂಡಿರುತ್ತವೆ. ಆಮ್ಲ ಆ ಕೊಕ್ಕೆಗಳನ್ನು ಸಡಿಲಿಸುತ್ತದೆ. ನಿಧಾನವಾಗಿ ಉದುರಬೇಕಾದದ್ದು ಕೆಲವೇ ದಿನಗಳಲ್ಲಿ ಸಿಪ್ಪೆಯೆದ್ದು ಹೋಗುತ್ತದೆ; ಅದರ ಜೊತೆಗೆ ಅಲ್ಲಿ ಸೇರಿಕೊಂಡಿದ್ದ ಬಣ್ಣವೂ ಒಂದಷ್ಟು ಹೋಗುತ್ತದೆ.

ಈ ಆಮ್ಲಗಳಲ್ಲಿ ಹಲವು ನಮಗೆ ಅಪರಿಚಿತವಲ್ಲ. ಮೊಸರಿನದು ಲ್ಯಾಕ್ಟಿಕ್ ಆಮ್ಲ, ಸೇಬಿನದು ಮ್ಯಾಲಿಕ್ ಆಮ್ಲ. ಹುಣಿಸೆಯದನ್ನು ಆಗಲೇ ಹೇಳಿದೆವು. ಈ ಮೂರನ್ನೂ 18ನೆಯ ಶತಮಾನದಲ್ಲಿ ಬೇರ್ಪಡಿಸಿ ತೋರಿಸಿದವನು ಕಾರ್ಲ್ ವಿಲ್ಹೆಲ್ಮ್ ಷೀಲೆ ಎಂಬ ಸ್ವೀಡನ್ನಿನ ಔಷಧ ತಯಾರಕ; ಲ್ಯಾಕ್ಟಿಕ್ ಆಮ್ಲವನ್ನು ಆತ ಹುಳಿ ಬಂದ ಹಾಲಿನಿಂದ ತೆಗೆದದ್ದು 1780ರಲ್ಲಿ. ಕಬ್ಬಿನ ಹಾಲಿನಲ್ಲಿ ಗ್ಲೈಕಾಲಿಕ್ ಆಮ್ಲವಿದೆ. ಈಗ ಪೀಲ್‌ಗಳಿಗೆ ಅತಿ ಹೆಚ್ಚು ಬಳಕೆಯಾಗುವವುಗಳಲ್ಲಿ ಅದೂ ಒಂದು. 1882ರಲ್ಲಿ ಜರ್ಮನಿಯ ಚರ್ಮವೈದ್ಯ ಉನ್ನಾ ಅವರು ಸ್ಯಾಲಿಸಿಲಿಕ್ ಆಮ್ಲ, ಫೀನಾಲ್ ಮುಂತಾದವು ಚರ್ಮದ ಮೇಲೆ ಏನು ಮಾಡುತ್ತವೆಂದು ವಿವರಿಸಿದರು. 1974ರಲ್ಲಿ ಅಮೆರಿಕದಲ್ಲಿ ಯೂಜೀನ್ ವ್ಯಾನ್ ಸ್ಕಾಟ್ ಮತ್ತು ರೂಯಿ ಯೂ ಎಂಬಿಬ್ಬರು, ಚರ್ಮ ಮೀನಿನ ಹುರುಪೆಯಂತೆ ದಪ್ಪಗಟ್ಟುವ ಒಂದು ರೋಗಕ್ಕೆ ಗ್ಲೈಕಾಲಿಕ್, ಲ್ಯಾಕ್ಟಿಕ್ ಮುಂತಾದ ಆಮ್ಲಗಳಿಂದ ಗುಣ ಕಂಡದ್ದನ್ನು ಪ್ರಕಟಿಸಿದರು. ಹೀಗೆ ರೋಗಕ್ಕೆಂದು ಬಂದ ಔಷಧ ಮುಂದೆ ಸೌಂದರ್ಯದ ಅಂಗಡಿಗೂ ಇಳಿಯಿತು.

ಇನ್ನು ಸೀಸೆಯ ಮೇಲಿನ ಅಂಕಿಗೆ ಬರೋಣ. ಕೊಳ್ಳುವವರು ನೋಡುವುದು ಶೇಕಡಾ ಎಷ್ಟು ಎಂಬುದನ್ನು. ರಸಾಯನಶಾಸ್ತ್ರಜ್ಞರು ಅದರ ಜೊತೆಗೆ ಕೇಳುವ ಇನ್ನೊಂದು ಪ್ರಶ್ನೆ, ಪಿ.ಎಚ್. ಎಷ್ಟು ಎಂಬುದು. ಪಿ.ಎಚ್. ಕಡಿಮೆಯಾದಷ್ಟೂ ಹುಳಿ ಹೆಚ್ಚು. ಸೀಸೆಯಲ್ಲಿರುವ ಆಮ್ಲದಲ್ಲಿ ಸ್ವಲ್ಪ ಭಾಗ ಬಿಡಿ ಆಮ್ಲವಾಗಿರುತ್ತದೆ, ಉಳಿದದ್ದು ಲವಣದ ರೂಪದಲ್ಲಿರುತ್ತದೆ. ಚರ್ಮದೊಳಕ್ಕೆ ಸುಲಭವಾಗಿ ಇಳಿದು ಕೆಲಸ ಮಾಡುವುದು ಬಿಡಿ ಆಮ್ಲ. ಗ್ಲೈಕಾಲಿಕ್ ಆಮ್ಲದಲ್ಲಿ ಪಿ.ಎಚ್. 3.83 ಇದ್ದಾಗ ಇವೆರಡೂ ಸಮಪಾಲು. ಪಿ.ಎಚ್. 4.8 ಇರುವ ಶೇಕಡಾ 20ರ ಸೀಸೆಯಲ್ಲಿ ಬಿಡಿ ಆಮ್ಲ ಶೇಕಡಾ 2ರಷ್ಟು ಮಾತ್ರ. ಪಿ.ಎಚ್. 2.8 ಇರುವ ಶೇಕಡಾ 10ರ ಸೀಸೆಯಲ್ಲಿ ಅದು ಶೇಕಡಾ 9. ಅಂದರೆ ಹತ್ತರ ಸೀಸೆ ಇಪ್ಪತ್ತರ ಸೀಸೆಗಿಂತ ನಾಲ್ಕು ಪಟ್ಟಿಗೂ ಮೀರಿ ಖಾರ! ಪಿ.ಎಚ್. ಬರೆಯದೆ ಶೇಕಡಾ ಮಾತ್ರ ದೊಡ್ಡದಾಗಿ ಬರೆದಿರುವ ಸೀಸೆ ಅರ್ಧ ವಿಳಾಸ ಬರೆದ ಕಾಗದದಂತೆ. ಎಲ್ಲಿಗೆ ಹೋಗಿ ಮುಟ್ಟುತ್ತದೋ ಹೇಳಲಾಗದು.

ಅಜ್ಜಿಯರು ಹಚ್ಚುತ್ತಿದ್ದ ಮೊಸರು-ಕಡಲೆಹಿಟ್ಟಿನಿಂದ ಮುಖ ಸುಡದಿರುವುದಕ್ಕೂ ಇದೇ ಲೆಕ್ಕ ಕಾರಣ. ಮೊಸರಿನಲ್ಲಿ ಲ್ಯಾಕ್ಟಿಕ್ ಆಮ್ಲ ಶೇಕಡಾ ಒಂದರ ಆಸುಪಾಸು, ಪಿ.ಎಚ್. ಸುಮಾರು 4.5. ಬಿಡಿ ಆಮ್ಲ ಶೇಕಡಾ 0.2ರಷ್ಟು. ಅದರಿಂದ ದೊಡ್ಡ ಉಪಕಾರವೂ ಇಲ್ಲ, ದೊಡ್ಡ ಅಪಾಯವೂ ಇಲ್ಲ. ನಿಂಬೆಹಣ್ಣಿನ ಮಾತು ಬೇರೆ. ಅದರ ಹುಳಿಯೂ ತೀಕ್ಷ್ಣ. ಸಾಲದ್ದಕ್ಕೆ ಅದರ ಸಿಪ್ಪೆ-ರಸ ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟಂಥ ಕಲೆ ಏಳುವುದುಂಟು. ನಿಂಬೆಹಣ್ಣು ಚಿತ್ರಾನ್ನಕ್ಕಿರಲಿ.

ವೈದ್ಯರು ಪೀಲ್‌ಗಳನ್ನು ಆಳದ ಮೇಲೆ ಮೂರು ಬಗೆಯಾಗಿ ವಿಂಗಡಿಸುತ್ತಾರೆ. ಮೊದಲನೆಯದು ಹೊರಚರ್ಮದಲ್ಲೇ ನಿಲ್ಲುವಂಥದು. ಗ್ಲೈಕಾಲಿಕ್, ಲ್ಯಾಕ್ಟಿಕ್, ಸ್ಯಾಲಿಸಿಲಿಕ್ ಆಮ್ಲಗಳದು ಸಾಮಾನ್ಯವಾಗಿ ಈ ವರ್ಗ. ಗ್ಲೈಕಾಲಿಕ್ ಹಚ್ಚಿದವರು ಗಡಿಯಾರ ನೋಡುತ್ತಿದ್ದು, ಹೊತ್ತಾದೊಡನೆ ಅಡಿಗೆ ಸೋಡದ ದ್ರಾವಣದಿಂದ ಅದನ್ನು ತಟಸ್ಥಗೊಳಿಸಬೇಕು. ಎರಡನೆಯದು ಒಳಚರ್ಮದ ಮೇಲ್ಭಾಗವನ್ನು ಮುಟ್ಟುವಂಥದು. ಶೇಕಡಾ 35ರ ಟ್ರೈಕ್ಲೋರೋ ಅಸಿಟಿಕ್ ಆಮ್ಲ ಇದಕ್ಕೆ ಉದಾಹರಣೆ. ಇದು ಚರ್ಮದ ಪ್ರೋಟೀನನ್ನೇ ಬೇಯಿಸಿ ಹೆಪ್ಪುಗಟ್ಟಿಸುತ್ತದೆ. ಮೊಟ್ಟೆಯ ಲೋಳೆ ಬೆಂದಾಗ ಬೆಳ್ಳಗಾಗುವುದನ್ನು ಮೊಟ್ಟೆ ತಿನ್ನದವರೂ ಕಂಡಿರುತ್ತಾರೆ. ಮುಖವೂ ಹಾಗೆಯೇ ಬೆಳ್ಳಗಾಗುತ್ತದೆ. ಇದಕ್ಕೆ ಆಮೇಲೆ ಸೋಡ ಹಾಕಿ ಫಲವಿಲ್ಲ; ಬೆಂದದ್ದು ಮತ್ತೆ ಹಸಿಯಾಗುವುದಿಲ್ಲ. ಒಂದರ ಮೇಲೊಂದು ಲೇಪ ಹಚ್ಚಿದಷ್ಟೂ ಅದು ಆಳಕ್ಕೆ ಇಳಿಯುತ್ತದೆ. “ಇನ್ನೂ ಏನೂ ಆಗಲಿಲ್ಲವಲ್ಲ” ಎಂದು ಮನೆಯಲ್ಲಿ ಇನ್ನೊಂದು ಸಲ ಹಚ್ಚಿಕೊಳ್ಳುವವರಿಗೆ ಅಪಾಯ ಬರುವುದು ಇಲ್ಲಿಯೇ.

ಮೂರನೆಯದು ಫೀನಾಲ್. 1960ರ ದಶಕದ ಆರಂಭದಲ್ಲಿ ಅಮೆರಿಕದ ಬೇಕರ್ ಮತ್ತು ಗಾರ್ಡನ್ ಎಂಬ ವೈದ್ಯರು ಇದರ ಒಂದು ಮಿಶ್ರಣವನ್ನು ಬಳಕೆಗೆ ತಂದರು. ಅದರಲ್ಲಿ ಫೀನಾಲ್ ಜೊತೆಗೆ ಮೂರೇ ಮೂರು ಹನಿ ಕ್ರೋಟನ್ ಎಣ್ಣೆ. ಇದು ಬೇರೇನೂ ಅಲ್ಲ, ಹಿಂದಿನವರು ಭೇದಿಗೆ ಕೊಡುತ್ತಿದ್ದ ಜಾಪಾಳದ ಬೀಜದ ಎಣ್ಣೆ! ಆ ಮೂರು ಹನಿಯದೇ ದೊಡ್ಡ ಪ್ರಭಾವವೆಂದು ಗ್ರೆಗರಿ ಹೆಟರ್ ಎಂಬ ವೈದ್ಯರು 2000ದಲ್ಲಿ ತೋರಿಸಿಕೊಟ್ಟರು. ಫೀನಾಲ್ ಚರ್ಮದ ಮೂಲಕ ರಕ್ತಕ್ಕೆ ಸೇರಿ ಹೃದಯದ ಬಡಿತವನ್ನೇ ಏರುಪೇರು ಮಾಡಬಲ್ಲದು. ಆದ್ದರಿಂದ ಹೃದಯದ ಮೇಲೆ ಕಣ್ಣಿಡುವ ಯಂತ್ರವನ್ನು ಜೋಡಿಸಿಕೊಂಡೇ ಈ ಚಿಕಿತ್ಸೆ ಮಾಡಬೇಕು. ಕಪ್ಪು-ಕಂದು ಚರ್ಮದವರಿಗೆ ಇದನ್ನು ಸಾಮಾನ್ಯವಾಗಿ ಮಾಡುವುದಿಲ್ಲ. ಬಣ್ಣ ಶಾಶ್ವತವಾಗಿ ಹೋಗಿ ಬಿಳಿ ಮಚ್ಚೆ ಉಳಿದೀತು.

ಕಪ್ಪು-ಕಂದು ಚರ್ಮ ಎಂದೊಡನೆ ವಿಷಯ ನಮ್ಮ ಮನೆಗೆ ಬಂತು. ಚರ್ಮಕ್ಕೂ ಬಿಂದಿಗೆಗೂ ಇರುವ ವ್ಯತ್ಯಾಸವೂ ಇಲ್ಲಿಯೇ. ಎಷ್ಟು ತಿಕ್ಕಿದರೂ ಬಿಂದಿಗೆ ಮರುಮಾತಾಡುವುದಿಲ್ಲ, ಚರ್ಮ ಮರುಮಾತಾಡುತ್ತದೆ. ಬಿಸಿಲಿಗೆ ಚರ್ಮ ಸುಡುತ್ತದೆಯೋ ಕಪ್ಪಾಗುತ್ತದೆಯೋ ಎಂಬುದನ್ನು ಆಧರಿಸಿ ಹಾರ್ವರ್ಡಿನ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ 1975ರಲ್ಲಿ ಆರಂಭಿಸಿದ ವರ್ಗೀಕರಣ ಮುಂದೆ ಬೆಳೆದು ಈಗ ಆರು ವರ್ಗಗಳಾಗಿವೆ. ಎಣ್ಣೆಗೆಂಪು, ಗೋಧಿಬಣ್ಣ, ಸಾದಗಪ್ಪು, ಎಣ್ಣೆಗಪ್ಪು ಎಂದು ವಿಂಗಡಿಸುವುದರಲ್ಲಿ ನಮ್ಮ ಅಜ್ಜಿಯರೇನೂ ಹಿಂದೆ ಬಿದ್ದವರಲ್ಲ. ನಮ್ಮವರಲ್ಲಿ ಬಹುಪಾಲು ಮಂದಿ ನಾಲ್ಕು, ಐದನೆಯ ವರ್ಗದವರು. ಬಣ್ಣ ತಯಾರಿಸುವ ಕೋಶಗಳ ಸಂಖ್ಯೆ ಬಿಳಿಯರಲ್ಲೂ ನಮ್ಮಲ್ಲೂ ಹೆಚ್ಚುಕಡಿಮೆ ಒಂದೇ. ನಮ್ಮವು ಹೆಚ್ಚು ಚುರುಕು, ಅಷ್ಟೇ. ಬಿಸಿಲಿನಿಂದ ನಮ್ಮನ್ನು ಕಾಯುವುದು ಈ ಚುರುಕುತನವೇ. ಆದರೆ ಸುಟ್ಟರೂ ಕೆರೆದರೂ ಉರಿ ಬಂದರೂ ಅವು ಇದೇ ಚುರುಕಿನಿಂದ ಬಣ್ಣ ಸುರಿಯುತ್ತವೆ. ಮೊಡವೆ ಒಣಗಿದ ಮೇಲೂ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುವುದು ಇದರಿಂದಲೇ. ಹದ ಮೀರಿದ ಪೀಲ್ ಕೂಡ ಒಂದು ಸುಟ್ಟ ಗಾಯ. ಕಲೆ ತೆಗೆಯಲು ಹೋಗಿ, ಮೊದಲಿದ್ದುದಕ್ಕಿಂತ ಅಗಲವಾದ, ಕಪ್ಪಾದ ಕಲೆಯನ್ನು ಸಂಪಾದಿಸಿದಂತಾಗುತ್ತದೆ. ಬಿಳಿಯ ಸಹೋದ್ಯೋಗಿಗೆ ವಾರದಲ್ಲಿ ಮಾಯವಾಗುವ ಕೆಂಪು ನಮಗೆ ವರ್ಷದ ಕಪ್ಪಾದೀತು. ಅವರಿಗೆ ಒಗ್ಗಿದ ಸೀಸೆ ನಮಗೆ ಒಗ್ಗಬೇಕೆಂದಿಲ್ಲ.

ಹಾಗಾದರೆ ಪೀಲ್ ನಮಗೆ ಬೇಡವೇ? ಹಾಗೂ ಅಲ್ಲ. 1999ರಲ್ಲಿ ಲಾಸ್ ಏಂಜಲೀಸಿನ ಚರ್ಮವೈದ್ಯೆ ಪರ್ಲ್ ಗ್ರೈಮ್ಸ್, ಐದು-ಆರನೆಯ ವರ್ಗದ ಚರ್ಮದ 25 ಮಂದಿಗೆ ಶೇಕಡಾ 20 ಮತ್ತು 30ರ ಸ್ಯಾಲಿಸಿಲಿಕ್ ಆಮ್ಲದಿಂದ ಚಿಕಿತ್ಸೆ ಮಾಡಿ, ಮೊಡವೆ ಮತ್ತು ಕಲೆಗಳಲ್ಲಿ ಹೆಚ್ಚಿನವರಿಗೆ ಗುಣ ಕಂಡುಬಂದದ್ದನ್ನು ಪ್ರಕಟಿಸಿದರು. ಮೊಡವೆ, ಅದರ ಕಲೆ, ಕೆನ್ನೆಯ ಮೇಲಿನ ಬಂಗು, ಇವಕ್ಕೆ ತಿಳಿದವರ ಕೈಯಲ್ಲಿ ಮೇಲ್ಪದರದ ಪೀಲ್ ನೆರವಾಗಬಲ್ಲದು. ಒಂದೇ ಸಲಕ್ಕಲ್ಲ, ಕಡಿಮೆ ಸಾರತೆಯಿಂದ ಆರಂಭಿಸಿ, ಎರಡು ಮೂರು ವಾರಕ್ಕೊಮ್ಮೆ, ಹಲವು ಸಲ. ಬಂಗಿನ ವಿಷಯದಲ್ಲಿ ಇನ್ನೂ ಒಂದು ಮಾತಿದೆ. ಅದು ಬಸಿರಿನಲ್ಲಿ, ಗರ್ಭನಿರೋಧಕ ಮಾತ್ರೆಗಳಿಂದ, ಎಲ್ಲಕ್ಕಿಂತ ಹೆಚ್ಚಾಗಿ ಬಿಸಿಲಿನಿಂದ ಕೆರಳುವಂಥದು. ಬಿಸಿಲನ್ನು ತಡೆಯದೆ ಪೀಲ್ ಒಂದನ್ನೇ ಮಾಡಿಸಿದರೆ ಮತ್ತೆ ಬಂದೇ ಬರುತ್ತದೆ.

ಆದರೆ ಬಂದ ಪ್ರಶ್ನೆಗಳಲ್ಲಿ ಕೆಲವು ಕಲೆಯನ್ನು ಕುರಿತವಲ್ಲ, ಹುಟ್ಟಿದ ಬಣ್ಣವನ್ನು ಕುರಿತವು. “ಮಗಳ ಮದುವೆ ಮಾತುಕತೆ ಇದೆ, ಸ್ವಲ್ಪ ಬಣ್ಣ ತಿಳಿಯಾಗಲು ಆದೀತೇ” ಎಂದು. ಇದಕ್ಕೆ ರಸಾಯನಶಾಸ್ತ್ರದ ಉತ್ತರ ನೇರವಾಗಿದೆ: ಆಗದು. ಮೇಲಿನ ಪದರವನ್ನು ಸುಲಿದರೆ ಬಣ್ಣದ ಕಾರ್ಖಾನೆ ಕೆಳಗೆ ಹಾಗೆಯೇ ಇರುತ್ತದೆ. ನಾಲ್ಕು ವಾರದಲ್ಲಿ ಅದೇ ಬಣ್ಣದ ಹೊಸ ಪದರ ಮೇಲೆ ಬರುತ್ತದೆ. ಕಾರ್ಖಾನೆಯನ್ನೇ ಸುಡುವಷ್ಟು ಆಳಕ್ಕೆ ಹೋದರೆ ಉಳಿಯುವುದು ಬೆಳ್ಳನೆಯ ಚರ್ಮವಲ್ಲ, ಗಾಯದ ಗುರುತು. “ಕಪ್ಪಾದರೂ ಲಕ್ಷಣವಾಗಿದ್ದಾಳೆ” ಎಂದು ಹೊಗಳುವುದು ನಮ್ಮಲ್ಲಿ ಇನ್ನೂ ಇದೆ. ಸಾಗರ ದಾಟಿ ಬರುವಾಗ ಸಾರಿನ ಪುಡಿ, ಉಪ್ಪಿನಕಾಯಿಯ ಜೊತೆಗೆ ಆ “ಆದರೂ” ಎಂಬ ಮಾತನ್ನೂ ಕಟ್ಟಿಕೊಂಡು ಬಂದಿದ್ದೇವೆ. ಇಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಕನ್ನಡ ಅರ್ಧಂಬರ್ಧ ಬಂದರೂ ಈ ಒಂದು ಮಾತು ಚೆನ್ನಾಗಿ ಅರ್ಥವಾಗುತ್ತದೆ. ಹದಿನಾರರ ಹುಡುಗಿ ಕದ್ದು ಆಮ್ಲದ ಸೀಸೆ ತರಿಸಿಕೊಂಡರೆ ತಪ್ಪು ಆ ಹುಡುಗಿಯದೊಂದೇ ಅಲ್ಲ.

ಸೀಸೆ ತರಿಸುವುದು ಈಗ ಕಷ್ಟವೂ ಅಲ್ಲ. ಮನೆಬಳಕೆಯ ವಸ್ತುಗಳಲ್ಲಿ ಗ್ಲೈಕಾಲಿಕ್, ಲ್ಯಾಕ್ಟಿಕ್ ಆಮ್ಲಗಳು ಶೇಕಡಾ 10ನ್ನು ಮೀರಬಾರದು, ಪಿ.ಎಚ್. 3.5ಕ್ಕಿಂತ ಕೆಳಗಿಳಿಯಬಾರದು ಎಂದು ಅಮೆರಿಕದಲ್ಲಿ ಪ್ರಸಾಧನ ಸಾಮಗ್ರಿಗಳ ತಜ್ಞರ ಮಂಡಳಿ 1990ರ ದಶಕದಲ್ಲೇ ಹೇಳಿತು. ಹಾಗಿದ್ದೂ ಇದಕ್ಕಿಂತ ಬಹಳ ಖಾರವಾದವು ಇಂಟರ್ನೆಟ್ ಅಂಗಡಿಗಳಲ್ಲಿ ಮಾರಾಟಕ್ಕಿವೆ. ಅಂಥವನ್ನು ವೈದ್ಯರ ಮೇಲ್ವಿಚಾರಣೆಯಿಲ್ಲದೆ ಕೊಳ್ಳಬೇಡಿ, ಬಳಸಬೇಡಿ ಎಂದು ಅಲ್ಲಿನ ಎಫ್.ಡಿ.ಎ. 2024ರಲ್ಲಿ ಸಾರ್ವಜನಿಕರನ್ನು ಎಚ್ಚರಿಸಿತು.

ರಜೆಗೆ ಊರಿಗೆ ಹೋಗುವವರಿಗೂ ಒಂದು ಮಾತು. ಮದುವೆಗೆ ವಾರವಿರುವಾಗ ಬೆಂಗಳೂರಿನಲ್ಲಿ ಇಳಿದು, ಬ್ಯೂಟಿ ಪಾರ್ಲರಿನಲ್ಲಿ ಪೀಲ್ ಮಾಡಿಸಿಕೊಂಡು, ಮರುದಿನವೇ ಸೀರೆ ಅಂಗಡಿ, ದೇವಸ್ಥಾನ ಎಂದು ಬಿಸಿಲಲ್ಲಿ ಸುತ್ತುವುದು ಬೇಡ. ಹೊಸ ಚರ್ಮ ಬಿಸಿಲಿಗೆ ತಡೆಯದು. ಸಿಪ್ಪೆಯೇಳುವುದು ನಿಲ್ಲಲು ಮೂರರಿಂದ ಏಳು ದಿನ ಬೇಕು. ಧಾರೆಯ ಹೊತ್ತಿಗೆ ಮುಖ ಹೊಟ್ಟು ಹೊಟ್ಟಾಗಿದ್ದರೆ ಫೋಟೋದವನೂ ಏನೂ ಮಾಡಲಾರ. ಮಾಡಿಸುವುದೇ ಆದರೆ ತಿಂಗಳುಗಳ ಮುಂಚೆ, ಕಂದು ಚರ್ಮಕ್ಕೆ ಚಿಕಿತ್ಸೆ ಮಾಡಿ ಅನುಭವವಿರುವ ಚರ್ಮವೈದ್ಯರ ಬಳಿ ಮಾಡಿಸಿ. ಮೊದಲು ಕಿವಿಯ ಹಿಂದೆ ಸ್ವಲ್ಪ ಹಚ್ಚಿ ನೋಡಲು ಕೇಳಿ. ಬಸುರಿಯಾಗಿದ್ದರೆ, ತುಟಿಯ ಮೇಲೆ ಆಗಾಗ ನೀರುಗುಳ್ಳೆ ಏಳುವುದಿದ್ದರೆ, ಆಸ್ಪಿರಿನ್ ಒಗ್ಗದಿದ್ದರೆ, ಮೊಡವೆಗೆಂದು ಮಾತ್ರೆ ನುಂಗುತ್ತಿದ್ದರೆ ಮುಂಚಿತವಾಗಿ ತಿಳಿಸಿ. ಆಮೇಲೆ ಸಿಪ್ಪೆಯನ್ನು ಉಗುರಿನಿಂದ ಕೀಳಬೇಡಿ. ಅಕಸ್ಮಾತ್ ಮನೆಯಲ್ಲಿ ಯಾರಾದರೂ ಸುಟ್ಟುಕೊಂಡಿದ್ದರೆ ಮೊದಲು ಧಾರಾಳವಾಗಿ ತಣ್ಣೀರಿನಿಂದ ತೊಳೆದು, ವೈದ್ಯರಲ್ಲಿಗೆ ಕರೆದೊಯ್ಯಿರಿ. ಬೈಯುವುದನ್ನು ಆಮೇಲೆ ಇಟ್ಟುಕೊಳ್ಳಬಹುದು.

ಪೀಲ್ ಮಾಡಿಸಲಿ ಬಿಡಲಿ, ಎಸ್.ಪಿ.ಎಫ್. 30 ಅಥವಾ ಅದಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನ್ ಹಚ್ಚಿಕೊಳ್ಳುವುದು ಬಂಗು ಇರುವವರೆಲ್ಲರಿಗೂ ಹಿತ. ಚಳಿಗಾಲದಲ್ಲಿ ಬಿಸಿಲೆಲ್ಲಿ ಎನ್ನಬೇಡಿ. ಹೊಸ ಹಿಮ ತನ್ನ ಮೇಲೆ ಬಿದ್ದ ಅತಿನೇರಳೆ ಕಿರಣಗಳಲ್ಲಿ ಶೇಕಡಾ 80ರವರೆಗೂ ಮುಖಕ್ಕೆ ಹಿಂದಿರುಗಿಸುತ್ತದೆ. ಕಿಟಕಿಯ ಗಾಜೂ ಅವನ್ನು ಪೂರ್ತಿ ತಡೆಯುವುದಿಲ್ಲ. ಆ ಎಸ್.ಪಿ.ಎಫ್. ಅಂಕಿಗಳ ಅರ್ಥವೇನು, 30ಕ್ಕೂ 50ಕ್ಕೂ ಎಷ್ಟು ವ್ಯತ್ಯಾಸ ಎಂಬುದನ್ನು ಮುಂದಿನ ಸಂಚಿಕೆಯಲ್ಲಿ ನೋಡೋಣ. ಪ್ರಶ್ನೆಗಳಿದ್ದರೆ ಎಂದಿನಂತೆ ಸಂಪಾದಕರಿಗೆ ಬರೆದು ಕಳಿಸಿ.